ಕರಿಯನ ಊಟಕ್ಕೆ ದಿನಕ್ಕೆಷ್ಟು?

ನಮ್ಮದು ಸಾಗರದ ಹತ್ತಿರದ ಅಡಿಕೆ ತೋಟದ ಮನೆ. ಅಡುಗೆಮನೆಗೆ ಮೊಟ್ಟೆಯೂ ಬರುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಳೆ ದಿನ ಬಸ್ ಸ್ಟ್ಯಾಂಡಿನಿಂದ ಎತ್ತಿಕೊಂಡು ಬಂದ ಮರಿಯೇ ಕರಿಯ. ಅಪ್ಪಟ ಊರನಾಯಿ. ಮೊದಲೆಲ್ಲ ಅವನಿಗೂ ನಮ್ಮ ಊಟವೇ. ಅನ್ನ, ಮಜ್ಜಿಗೆ, ಉಳಿದರೆ ದೋಸೆ. ಹೊಟ್ಟೆ ತುಂಬುತ್ತಿತ್ತು, ಬಾಲವೂ ಅಲ್ಲಾಡುತ್ತಿತ್ತು. ಎರಡನೇ ವರ್ಷಕ್ಕೆ ಕೂದಲು ಉದುರಲು ಶುರುವಾಯಿತು. ಮೈ ತುಂಬ ಹೊಟ್ಟು, ಕುಳಿತಲ್ಲಿ ಕೆರೆತ. ಪಶು ವೈದ್ಯರು ಉಣ್ಣಿ ಇಲ್ಲ, ಕಜ್ಜಿ ಇಲ್ಲ ಅಂತ ನೋಡಿ, "ಇವನಿಗೆ ಏನು ಹಾಕ್ತೀರಿ?" ಎಂದು ಕೇಳಿದರು. ಹೇಳಿದೆ. "ಬರೀ ಅನ್ನ ಮಜ್ಜಿಗೆಯಲ್ಲಿ ಇವನಿಗೆ ಬೇಕಾದ ಪ್ರೋಟೀನೂ ಇಲ್ಲ, ಕೊಬ್ಬೂ ಇಲ್ಲ. ಮನೇಲಿ ಮಾಂಸ ಬೇಯಿಸೋಕಾಗಲ್ಲ ಅಂದ್ರೆ ಒಳ್ಳೇ ಡ್ರೈ ಫುಡ್ ಹಾಕಿ" ಅಂದರು.

ಅಮ್ಮನಿಗೆ ಇದು ಹಿಡಿಸಲಿಲ್ಲ. "ಹಿಂದೆ ನಾಯಿಗಳು ತಂಗಳನ್ನ ತಿಂದೇ ಬದುಕಿದ್ವು" ಅಂದರು. ಅವರ ಮಾತಲ್ಲಿ ಅರ್ಧ ನಿಜವಿದೆ. ನಾಯಿಗಳು ತೋಳಗಳಿಗಿಂತ ಚೆನ್ನಾಗಿ ಪಿಷ್ಟ ಅರಗಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ವಂಶವಾಹಿಯ ಪ್ರತಿಗಳು ನಾಯಿಗಳಲ್ಲಿ ಜಾಸ್ತಿ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಅಂದರೆ ಅನ್ನ ವಿಷವಲ್ಲ, ಆದರೆ ಅನ್ನವೊಂದೇ ಸಾಲದು. ಹಿಂದಿನ ನಾಯಿಗಳು ಹೊರಗೆ ಹೋಗಿ ಇಲಿ, ಹೆಗ್ಗಣ ಹಿಡಿದು ತಿನ್ನುತ್ತಿದ್ದವು, ಅದು ನಮ್ಮ ಲೆಕ್ಕಕ್ಕೆ ಬರುತ್ತಿರಲಿಲ್ಲ ಅಷ್ಟೇ.

ಸರಿ, ಪೇಟೆಗೆ ಹೋದೆ. ನಮ್ಮ ಕಡೆ ಯಾವ ಕಂಪನಿಯ ಚೀಲವಾದರೂ ಕೇಳುವುದು "ಪೆಡಿಗ್ರಿ ಕೊಡಿ" ಎಂದೇ. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಅಂಗಡಿಯಲ್ಲಿ ಬಾಯಿ ತೆರೆದ ದೊಡ್ಡ ಚೀಲದಿಂದ ಲೂಸ್ ಆಗಿ ತೂಗಿ ಕೊಡುತ್ತಿದ್ದರು. ಕೆಜಿಗೆ ಅಗ್ಗ. ಎರಡು ಕೆಜಿ ತಂದೆ. ಒಳಗೆ ಕೋಳಿ ಇದೆ ಎಂದು ಗೊತ್ತಾದ ಕೂಡಲೇ ಅಮ್ಮ ಅದನ್ನು ಕೊಟ್ಟಿಗೆಗೆ ಗಡೀಪಾರು ಮಾಡಿದರು. ಜುಲೈ ತಿಂಗಳು. ಮಲೆನಾಡಿನ ಜುಲೈ ಅಂದರೆ ಗೊತ್ತಲ್ವಾ, ಕಂಬಳಿಗೂ ಬೂಷ್ಟು ಬರುವ ಕಾಲ. ಹತ್ತು ದಿನಕ್ಕೆ ಕಾಳುಗಳು ಮೆತ್ತಗಾದವು, ಮುಗ್ಗು ವಾಸನೆ ಹಿಡಿಯಿತು. ಕರಿಯ ಮೂಸಿ ಮುಖ ತಿರುಗಿಸಿದ. ನಾನು ದುರಹಂಕಾರ ಅಂದುಕೊಂಡು ಮೇಲೆ ಹಾಲು ಸುರಿದು ಕೊಟ್ಟೆ. ತಿಂದ. ರಾತ್ರಿಯಿಡೀ ವಾಂತಿ.

ಇದರಲ್ಲಿ ನಾಯಿಯ ತಪ್ಪಿಲ್ಲ. ತಪ್ಪು ನನ್ನದು. ನಮ್ಮಪ್ಪ ಎಮ್ಮೆಗೆ ಹಿಂಡಿ ತಂದರೆ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ, ಚೂರು ಬಾಯಿಗೂ ಹಾಕಿ ನೋಡುತ್ತಾರೆ. ನಾನು ಚೀಲದ ಮೇಲಿನ ನಾಯಿಯ ಚಿತ್ರವನ್ನಷ್ಟೇ ನೋಡಿದ್ದೆ. ಲೂಸ್ ಆಗಿ ಕೊಂಡರೆ ತಯಾರಾದ ದಿನಾಂಕ ಇಲ್ಲ, ಒಳಗೆ ಏನಿದೆ ಎಂಬ ಪಟ್ಟಿ ಇಲ್ಲ. ಚೀಲ ಎಷ್ಟು ದಿನದಿಂದ ಬಾಯಿ ತೆರೆದುಕೊಂಡು ಕೂತಿದೆ ಎಂಬುದೂ ತಿಳಿಯುವುದಿಲ್ಲ. ಮೆಕ್ಕೆಜೋಳದಂಥ ಧಾನ್ಯದಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ನಾಯಿಯ ಲಿವರ್ ಹಾಳುಮಾಡುತ್ತದೆ ಎಂದು ವೈದ್ಯರು ಆಮೇಲೆ ಬೈದು ಹೇಳಿದರು. ಅವತ್ತಿನಿಂದ ಲೂಸ್ ನಿಲ್ಲಿಸಿದೆ.

ಆಮೇಲೆ ಚೀಲದ ಹಿಂಭಾಗ ಓದಲು ಕುಳಿತೆ. ಮುಂಭಾಗದಲ್ಲಿರುವುದು ಜಾಹೀರಾತು, ಹಿಂಭಾಗದಲ್ಲಿರುವುದು ಮಾಲು. ಅಕ್ಷರ ಇರುವೆಯಷ್ಟು ಚಿಕ್ಕದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಂಡು ಓದುವುದು ಈಗ ಅಭ್ಯಾಸವಾಗಿದೆ.

ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಇದರಲ್ಲಿ ಎರಡು ಚಮತ್ಕಾರಗಳಿವೆ. ಒಂದು, ಹಸಿ ಕೋಳಿ ಮಾಂಸದಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ. ತಯಾರಾಗುವಾಗ ಆ ನೀರು ಹೋಗುತ್ತದೆ, ಆದರೆ ಪಟ್ಟಿಯಲ್ಲಿ ಹಸಿ ತೂಕದಿಂದ ಅದು ಮೊದಲ ಸ್ಥಾನದಲ್ಲೇ ಕೂತಿರುತ್ತದೆ. ಹಾಗಾಗಿ ಒಣಗಿಸಿ ಪುಡಿ ಮಾಡಿದ 'ಚಿಕನ್ ಮೀಲ್' ಎಂದು ಬರೆದಿದ್ದರೆ ಮೂಗು ಮುರಿಯಬೇಕಿಲ್ಲ. ಬರೀ 'ಮೀಟ್ ಮೀಲ್' ಅಂತಿದ್ದರೆ ಯಾವ ಪ್ರಾಣಿಯದು ಎಂದು ಕೇಳಬೇಕಾಗುತ್ತದೆ. ಎರಡು, ಒಂದೇ ಧಾನ್ಯವನ್ನು ತುಂಡು ಮಾಡಿ ಬರೆಯುವುದು. ಮೆಕ್ಕೆಜೋಳ ಒಂದು ಕಡೆ, ಕಾರ್ನ್ ಗ್ಲೂಟನ್ (ಮೆಕ್ಕೆಜೋಳದಿಂದ ತೆಗೆದ ಪ್ರೋಟೀನ್) ಇನ್ನೊಂದು ಕಡೆ, ಗೋಧಿ ಒಂದು ಕಡೆ, ಗೋಧಿ ತವುಡು ಮತ್ತೊಂದು ಕಡೆ. ಎಲ್ಲ ಕೂಡಿಸಿದರೆ ಮೊದಲ ಸ್ಥಾನದ ಕೋಳಿ ಎಲ್ಲೋ ಹಿಂದೆ ಬೀಳುತ್ತದೆ.

ಧಾನ್ಯವೇ ಇಲ್ಲದ 'ಗ್ರೇನ್ ಫ್ರೀ' ಚೀಲಗಳೂ ಇವೆ, ದುಬಾರಿ. ಇವಕ್ಕೆ ನಾನು ದುಡ್ಡು ಹಾಕಲಿಲ್ಲ. ಡ್ರೈ ಫುಡ್ ಮಾಡುವುದು ಹಿಟ್ಟನ್ನು ಹಬೆ ಮತ್ತು ಒತ್ತಡದಲ್ಲಿ ಬೇಯಿಸಿ, ಅಚ್ಚಿನಿಂದ ಹೊರಗೆ ತಳ್ಳಿ, ಕತ್ತರಿಸಿ, ಒಣಗಿಸಿ. ಹೆಚ್ಚುಕಮ್ಮಿ ನಮ್ಮ ಚಕ್ಕುಲಿ ಒರಳಿನ ಕೆಲಸವೇ. ಕಾಳು ಹಿಡಿದು ನಿಲ್ಲಬೇಕಾದರೆ ಪಿಷ್ಟ ಬೇಕು. ಅಕ್ಕಿ ಇಲ್ಲ ಅಂದರೆ ಬಟಾಣಿ, ಆಲೂಗಡ್ಡೆ ಬಂದಿರುತ್ತದೆ. 2018ರಲ್ಲಿ ಅಮೆರಿಕದಲ್ಲಿ ಆಹಾರ, ಔಷಧಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಥ ಬಟಾಣಿ, ಬೇಳೆ ಜಾಸ್ತಿ ಇರುವ ಆಹಾರಕ್ಕೂ ನಾಯಿಗಳ ಹೃದಯದ ಒಂದು ಕಾಯಿಲೆಗೂ ನಂಟಿದೆಯಾ ಎಂದು ತನಿಖೆ ಶುರುಮಾಡಿತು. ಅದೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಅಕ್ಕಿ ಬೆಳೆಯುವ ಊರಲ್ಲಿ ಕೂತು, ಅಕ್ಕಿ ಇಲ್ಲದ್ದಕ್ಕೆ ಮೂರು ಪಟ್ಟು ದುಡ್ಡು ಯಾಕೆ ಕೊಡಬೇಕು?

ಇನ್ನು 'ಕ್ರೂಡ್ ಪ್ರೋಟೀನ್'. ಈ ಸಂಖ್ಯೆ ಬರುವುದು ಆಹಾರದಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ. ಸಾರಜನಕ ಎಲ್ಲಿಂದ ಬಂತು ಎಂದು ಅದು ಹೇಳುವುದಿಲ್ಲ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋಗಿ ನಾಯಿ ಬೆಕ್ಕಿನ ಆಹಾರಕ್ಕೆ ಸೇರಿದ ಗೋಧಿ ಗ್ಲೂಟನ್ನಿನಲ್ಲಿ, ಸಾರಜನಕ ತುಂಬಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿ ಪ್ರೋಟೀನ್ ಜಾಸ್ತಿ ಕಾಣುವಂತೆ ಮಾಡಿದ್ದರು. ಕಿಡ್ನಿ ಕೆಟ್ಟು ಎಷ್ಟೋ ನಾಯಿ ಬೆಕ್ಕುಗಳು ಸತ್ತವು. ಹಾಗಾಗಿ ಪ್ರೋಟೀನ್ ಸಂಖ್ಯೆಯ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಇಟ್ಟು ಓದಬೇಕು. ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ ಸಂಸ್ಥೆಯ ಪ್ರಕಾರ, ತೇವಾಂಶ ಕಳೆದ ಮೇಲೆ ಬೆಳೆದ ನಾಯಿಗೆ ಕನಿಷ್ಠ 18 ಶೇಕಡಾ ಪ್ರೋಟೀನ್, 5.5 ಶೇಕಡಾ ಕೊಬ್ಬು ಬೇಕು. ಮರಿಗಳಿಗೆ 22.5 ಮತ್ತು 8.5. ಇದು ಕನಿಷ್ಠ ಮಟ್ಟ. ಒಂದು ಮಾತು: ಆಫ್ಕೋ ಮಟ್ಟ ನಿಗದಿ ಮಾಡುತ್ತದೆಯೇ ಹೊರತು ಯಾವ ಚೀಲಕ್ಕೂ ಸರ್ಟಿಫಿಕೇಟ್ ಕೊಡುವುದಿಲ್ಲ. 'ಆಫ್ಕೋ ಒಪ್ಪಿಗೆ ಪಡೆದದ್ದು' ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ದುಡ್ಡಿನ ಲೆಕ್ಕ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಕೆಜಿಗೆ ಎಷ್ಟು ಎಂದು. ನಾನೂ ಅಷ್ಟೇ ಕೇಳುತ್ತಿದ್ದೆ. ಆದರೆ ನಾಯಿಗೆ ಬೇಕಿರುವುದು ಶಕ್ತಿ, ಕೆಜಿ ಅಲ್ಲ.

ಮೊದಲು ಕರಿಯನ ತೂಕ. ಅಡಿಕೆ ತೂಗುವ ಯಂತ್ರದ ಮೇಲೆ ಅವನನ್ನು ಎತ್ತಿಕೊಂಡು ನಿಂತೆ, ಆಮೇಲೆ ನಾನೊಬ್ಬನೇ ನಿಂತೆ, ಕಳೆದೆ. 18 ಕೆಜಿ. ಆಮೇಲೆ ಪಶು ವೈದ್ಯರು ಬಳಸುವ ಸೂತ್ರ. ಫೋನಿನ ಕ್ಯಾಲ್ಕುಲೇಟರಿನಲ್ಲಿ 18 × 18 × 18 ಹಾಕಿದೆ, 5832 ಬಂತು. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದೆ, 8.74. ಅದನ್ನು 70ರಿಂದ ಗುಣಿಸಿದರೆ ಸುಮಾರು 612. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ. ಸಂತಾನಹರಣ ಆಗಿರುವ, ಸಾಧಾರಣವಾಗಿ ಓಡಾಡುವ ಬೆಳೆದ ನಾಯಿಗೆ ಇದರ 1.6 ಪಟ್ಟು. ಅಂದರೆ ದಿನಕ್ಕೆ 980 ಕ್ಯಾಲೊರಿಯ ಹತ್ತಿರ.

ಆಮೇಲೆ ಚೀಲ. ಕೆಲವು ಚೀಲಗಳ ಮೇಲೆ ಕೆಜಿಗೆ ಎಷ್ಟು ಕ್ಯಾಲೊರಿ ಎಂದು ಬರೆದಿರುತ್ತದೆ. ಇಲ್ಲದಿದ್ದರೆ ನಾವೇ ಹಾಕಬೇಕು. 100 ಗ್ರಾಂನಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಜೊತೆಗೆ ಬೂದಿಯ (ಸುಟ್ಟರೆ ಉಳಿಯುವ ಖನಿಜಾಂಶದ) ಲೆಕ್ಕಕ್ಕೆ ಅಂದಾಜು 8, ಇಷ್ಟನ್ನೂ ಕಳೆದರೆ ಉಳಿಯುವುದು ಪಿಷ್ಟ. ಚೀಲದ ಮೇಲೆ ಪಿಷ್ಟದ ಸಂಖ್ಯೆಯನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಪ್ರೋಟೀನಿಗೂ ಪಿಷ್ಟಕ್ಕೂ ಗ್ರಾಂಗೆ 3.5 ಕ್ಯಾಲೊರಿ, ಕೊಬ್ಬಿಗೆ 8.5.

ನಾನು ಹೋಲಿಸಿದ್ದು ಮೂರು. ಅಗ್ಗದ ಚೀಲ ಕೆಜಿಗೆ 210 ರೂಪಾಯಿ: ಪ್ರೋಟೀನ್ 20, ಕೊಬ್ಬು 8, ನಾರು 5, ತೇವಾಂಶ 12. ಲೆಕ್ಕ ಹಾಕಿದರೆ ಪಿಷ್ಟ 47, ಕೆಜಿಗೆ ಸುಮಾರು 3025 ಕ್ಯಾಲೊರಿ. ಮಧ್ಯದ್ದು 260 ರೂಪಾಯಿ: ಪ್ರೋಟೀನ್ 26, ಕೊಬ್ಬು 15, ನಾರು 4, ತೇವಾಂಶ 10. ಪಿಷ್ಟ 37, ಕ್ಯಾಲೊರಿ 3480. ಮೂರನೆಯದು ವಿದೇಶಿ, 750 ರೂಪಾಯಿ, ಕ್ಯಾಲೊರಿ 3700.

ಈಗ ಕರಿಯನ 980 ಕ್ಯಾಲೊರಿಗೆ ಅಗ್ಗದ್ದು 324 ಗ್ರಾಂ ಬೇಕು, ದಿನಕ್ಕೆ 68 ರೂಪಾಯಿ. ಮಧ್ಯದ್ದು 282 ಗ್ರಾಂ ಸಾಕು, 73 ರೂಪಾಯಿ. ವಿದೇಶಿ ಚೀಲದ್ದು 265 ಗ್ರಾಂ, 199 ರೂಪಾಯಿ. ಕೆಜಿಗೆ ಐವತ್ತು ರೂಪಾಯಿ ವ್ಯತ್ಯಾಸ ಅಂತ ನಾನು ಹೆದರಿ ದೂರ ಇಟ್ಟಿದ್ದ ಚೀಲಕ್ಕೂ ಅಗ್ಗದ್ದಕ್ಕೂ ದಿನಕ್ಕೆ ಐದೇ ರೂಪಾಯಿ ವ್ಯತ್ಯಾಸ! ಹತ್ತು ಕೆಜಿ ಚೀಲ ಅಗ್ಗದ್ದಾದರೆ 31 ದಿನ ಬರುತ್ತದೆ, ಮಧ್ಯದ್ದು 35 ದಿನ. ಮೂರನೆಯದರಲ್ಲಿ ನಮಗೆ ಸಿಗುವ ಹೆಚ್ಚುವರಿ ಲಾಭ 126 ರೂಪಾಯಿಯಷ್ಟು ಇದೆ ಎಂದು ನನಗೆ ಅನ್ನಿಸಲಿಲ್ಲ. ಮಧ್ಯದ್ದನ್ನೇ ತಂದೆ, ಹೆಸರು ಹೇಳುವುದಿಲ್ಲ. ಕರಿಯನಿಗೆ ಒಗ್ಗಿದ್ದು ನಿಮ್ಮ ನಾಯಿಗೆ ಒಗ್ಗಲೇಬೇಕೆಂದಿಲ್ಲ, ಲೆಕ್ಕ ಮಾತ್ರ ಯಾವ ಚೀಲಕ್ಕಾದರೂ ಒಂದೇ.

ಬದಲಾಯಿಸುವಾಗ ಮತ್ತೆ ಎಡವಿದೆ. ಖುಷಿಯಲ್ಲಿ ಒಂದೇ ದಿನಕ್ಕೆ ಪೂರ್ತಿ ಹೊಸದು ಹಾಕಿದೆ, ಮೂರು ದಿನ ಬೇಧಿ. ಮೊದಲ ಎರಡು ಮೂರು ದಿನ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ವಾರ ಹತ್ತು ದಿನದಲ್ಲಿ ಬದಲಾಯಿಸಬೇಕಿತ್ತು. ಎರಡನೇ ಸಲ ಹಾಗೆ ಮಾಡಿದೆ, ಏನೂ ತೊಂದರೆಯಾಗಲಿಲ್ಲ.

ಸರಿಯಾಗಿ ಒಗ್ಗಿದೆಯೋ ಇಲ್ಲವೋ ತಿಳಿಯಲು ಕಕ್ಕ ನೋಡಬೇಕು. ಹೇಸಿಗೆ ಪಟ್ಟುಕೊಂಡರೆ ನಾಯಿ ಸಾಕಲಾಗದು. ಗಟ್ಟಿಯಾಗಿ, ಎತ್ತಿದರೆ ನೆಲಕ್ಕೆ ಅಂಟದ ಹಾಗಿದ್ದರೆ ಸರಿ. ಅಗ್ಗದ್ದು ತಿನ್ನುವಾಗ ದಿನಕ್ಕೆ ನಾಲ್ಕು ಸಲ ಗುಡ್ಡೆ ಹಾಕುತ್ತಿದ್ದ, ಈಗ ಎರಡು ಸಲ. ಹೂಸಿನ ಕಾಟವೂ ಕಮ್ಮಿ. ಕೂದಲಿಗೆ ಎರಡು ತಿಂಗಳು ಹಿಡಿಯಿತು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಕೈಯಾಡಿಸಿದರೆ ಬೆರಳಿಗೆ ಸಿಗಬೇಕು. ಚೀಲದ ಮೇಲಿನ ಕೋಷ್ಟಕ ನೋಡಿ ಹಾಕಿದ್ದಕ್ಕೆ ಮೊದಲ ವರ್ಷ ಅವನು 21 ಕೆಜಿಗೆ ಏರಿದ್ದ, ಪಕ್ಕೆಲುಬು ಹುಡುಕಬೇಕಿತ್ತು. ಈಗ ಅಳತೆಯ ಲೋಟ ಬಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ತೂಗುತ್ತೇನೆ. ಅಮ್ಮನಿಗೆ ಗೊತ್ತಿಲ್ಲ.

ಅಮ್ಮ ಅವನಿಗೆ ಈಗಲೂ ಮಧ್ಯಾಹ್ನ ಒಂದು ಹಿಡಿ ಮಜ್ಜಿಗೆ ಅನ್ನ ಹಾಕುತ್ತಾರೆ. ನಾನು ತಡೆಯಲು ಹೋಗಿಲ್ಲ. ಮೇಲಿನ ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟದಿದ್ದರೆ ಸಾಕು. ಅವತ್ತು ಸಂಜೆ ಕಾಳು ಸ್ವಲ್ಪ ಕಮ್ಮಿ ಹಾಕುತ್ತೇನೆ. ಈರುಳ್ಳಿ ಇರುವ ಹುಳಿ, ಪಾಯಸದ ದ್ರಾಕ್ಷಿ ಇವೆರಡು ಮಾತ್ರ ಬೇಡವೇ ಬೇಡ ಎಂದು ಕೈಮುಗಿದು ಕೇಳಿಕೊಂಡಿದ್ದೇನೆ. ಅವು ನಾಯಿಗೆ ವಿಷ.

ಇಡುವ ವಿಚಾರಕ್ಕೆ ಬಂದರೆ, ಕಾಳಿನ ಮೇಲೆ ಕೊನೆಯಲ್ಲಿ ಕೊಬ್ಬು ಸಿಂಪಡಿಸಿರುತ್ತಾರೆ. ನಾಯಿಗೆ ಹಿಡಿಸುವ ವಾಸನೆ ಅದರದ್ದೇ, ಮೊದಲು ಕೆಡುವುದೂ ಅದೇ. ಗಾಳಿ ತಾಗಿದಷ್ಟೂ ಕಮಟು. ಇಪ್ಪತ್ತು ಕೆಜಿಯ ಚೀಲ ಅಗ್ಗವೆಂದು ಒಮ್ಮೆ ತಂದು, ಎರಡನೇ ತಿಂಗಳಿಗೆ ಹಳೇ ಕೊಬ್ಬರಿ ಎಣ್ಣೆಯ ವಾಸನೆ ಬಂದು ಕಾಲು ಭಾಗ ಎಸೆದೆ. ಒಡೆದ ಚೀಲ ಐದಾರು ವಾರದಲ್ಲಿ ಮುಗಿಯುವ ಅಳತೆಯದ್ದಾಗಿರಬೇಕು, ಒಂದೇ ನಾಯಿಗೆ ಹತ್ತು ಕೆಜಿ ಸರಿ. ಚೀಲದಿಂದ ಡಬ್ಬಕ್ಕೆ ಸುರಿಯುವುದಿಲ್ಲ. ಚೀಲದ ಸಮೇತ ಸ್ಟೀಲ್ ಡ್ರಮ್ಮಿನೊಳಗೆ ಇಳಿಸಿ, ಬಾಯಿ ಮಡಚಿ ಕ್ಲಿಪ್ ಹಾಕಿ, ಮುಚ್ಚಳ ಬಿಗಿಯುತ್ತೇನೆ. ಹಳೇ ಚೂರಿನ ಎಣ್ಣೆ ಡಬ್ಬದ ತಳಕ್ಕೆ ಅಂಟಿಕೊಂಡು ಹೊಸದನ್ನೂ ಕೆಡಿಸುತ್ತದೆ, ಅದಕ್ಕೇ ಹೀಗೆ. ಡ್ರಮ್ಮಿನ ಕಾಲಿಗೆ ನೀರಿನ ತಟ್ಟೆ, ಇರುವೆಗೆ. ಕೊಟ್ಟಿಗೆಯಿಂದ ಜಗುಲಿಯ ಮೂಲೆಗೆ ಬಡ್ತಿಯೂ ಸಿಕ್ಕಿದೆ. ಅಲ್ಲಿಂದ ಒಳಗೆ ಬರುವ ಹಾಗಿಲ್ಲ.

ಮೊನ್ನೆ ಅಂಗಡಿಯವರು ಫೋನ್ ಮಾಡಿ, ಅದೇ ಹತ್ತು ಕೆಜಿ ಚೀಲ ಇನ್ನು ಮುಂದೆ 2,850 ರೂಪಾಯಿ ಅಂದರು. ದಿನಕ್ಕೆ 80 ರೂಪಾಯಿ ಆಯಿತು. ಹೊಸದೊಂದು ಬಂದಿದೆಯಂತೆ, ಪ್ರೋಟೀನ್ 24, ಕೊಬ್ಬು 14. ಹಿಂಭಾಗದ ಫೋಟೋ ಕಳಿಸಿ ಎಂದಿದ್ದೇನೆ. ಡ್ರಮ್ಮಿನಲ್ಲಿ ಇನ್ನೂ ಹನ್ನೆರಡು ದಿನಕ್ಕೆ ಆಗುವಷ್ಟಿದೆ.