ಜಿಮ್ಯಾಟ್‌ಗೆ ನಾನು ಪುಸ್ತಕ ಆರಿಸಿಕೊಂಡ ರೀತಿ

2024ರ ಮಾರ್ಚ್‌ನಲ್ಲಿ ಜಿಮ್ಯಾಟ್ ಬರೆಯಬೇಕು ಅಂತ ತೀರ್ಮಾನ ಮಾಡಿದೆ. ಎಂಬಿಎಯಂಥ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳಿಗೆ ಸೇರಲು ಇಂಗ್ಲಿಷಿನಲ್ಲಿ ಬರೆಯುವ ಪ್ರವೇಶ ಪರೀಕ್ಷೆ ಅದು. ಕೆಲಸಕ್ಕೆ ಸೇರಿ ಆಗ ಆರು ವರ್ಷ ಆಗಿತ್ತು. ಐಐಎಂ ಬೆಂಗಳೂರಿನಲ್ಲಿ ಕೆಲಸದ ಅನುಭವ ಇರುವವರಿಗಿರುವ ಒಂದು ವರ್ಷದ ಇಪಿಜಿಪಿ ಕೋರ್ಸ್, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ, ಎರಡು ಕಡೆಯೂ ಈ ಸ್ಕೋರ್ ನಡೆಯುತ್ತದೆ. ಒಮ್ಮೆ ಬರೆದರೆ ಐದು ವರ್ಷ ಬರುತ್ತದೆ. ಆ ಶನಿವಾರವೇ ಅವೆನ್ಯೂ ರಸ್ತೆಗೆ ಹೋಗಿ ಹಳೇ ಪುಸ್ತಕಗಳ ರಾಶಿಯಿಂದ ನಾಲ್ಕು ದಪ್ಪ ಗೈಡ್ ತಂದೆ. ಎಲ್ಲ ಸೇರಿ 1,200 ರೂಪಾಯಿ.

ಮೂರು ವಾರ ಸೆಂಟೆನ್ಸ್ ಕರೆಕ್ಷನ್, ಅಂದರೆ ಇಂಗ್ಲಿಷ್ ವಾಕ್ಯದ ತಪ್ಪು ತಿದ್ದುವ ಭಾಗ, ಓದಿದೆ. ಹಾಸನದಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು ನಾನು. ಇಂಗ್ಲಿಷ್ ವ್ಯಾಕರಣ ಒಂದೊಂದೇ ನಿಯಮವಾಗಿ ಕೈಗೆ ಸಿಗುತ್ತಿತ್ತು, ಅದರಲ್ಲಿ ಖುಷಿಯೂ ಇತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು ಪುಸ್ತಕ ತಿರುವಿ ನೋಡಿದರು. "ಇದು ಯಾವ ವರ್ಷದ್ದು ರೀ? ಸೆಂಟೆನ್ಸ್ ಕರೆಕ್ಷನ್ ಈಗ ಪರೀಕ್ಷೆಯಲ್ಲೇ ಇಲ್ವಲ್ಲ" ಅಂದರು. ನನಗೆ ತುತ್ತು ಇಳಿಯಲಿಲ್ಲ.

ಅವರು ಹೇಳಿದ್ದು ಸರಿ. 2023ರ ನವೆಂಬರ್‌ನಲ್ಲಿ ಪರೀಕ್ಷೆಯ ಹೊಸ ರೂಪ ಬಂದಿತ್ತು. ಹಳೆಯದು 2024ರ ಜನವರಿ ಕೊನೆಗೆ ನಿಂತುಹೋಗಿತ್ತು. ಈಗ ಮೂರೇ ವಿಭಾಗ. ಗಣಿತದ ಕ್ವಾಂಟ್ 21 ಪ್ರಶ್ನೆ, ಓದು-ತರ್ಕದ ವರ್ಬಲ್ 23, ಟೇಬಲ್-ಚಾರ್ಟ್‌ಗಳಿಂದ ಮಾಹಿತಿ ತೆಗೆಯುವ ಡೇಟಾ ಇನ್‌ಸೈಟ್ಸ್ 20. ಒಂದೊಂದಕ್ಕೆ 45 ನಿಮಿಷ. ಸೆಂಟೆನ್ಸ್ ಕರೆಕ್ಷನ್ ಹೋಯಿತು, ಪ್ರಬಂಧ ಹೋಯಿತು, ತ್ರಿಕೋನ-ವೃತ್ತಗಳ ಜ್ಯಾಮಿತಿಯೂ ಹೋಯಿತು. ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಅಂತ ಕೇಳುವ ಡೇಟಾ ಸಫಿಶಿಯೆನ್ಸಿ ಕ್ವಾಂಟ್ ಬಿಟ್ಟು ಡೇಟಾ ಇನ್‌ಸೈಟ್ಸ್‌ಗೆ ಸೇರಿತು. ಹಳೇ ಗೈಡ್ ಗುರುತಿಸಲು ಸುಲಭದ ದಾರಿ ಒಂದಿದೆ. ಹೊಸ ಸ್ಕೋರ್ 205ರಿಂದ 805ರವರೆಗೆ ಇರುತ್ತದೆ, ಕೊನೆಯ ಅಂಕಿ ಯಾವಾಗಲೂ 5. ಪುಸ್ತಕದ ಮುಖಪುಟದಲ್ಲೋ ಮುನ್ನುಡಿಯಲ್ಲೋ 700, 720 ಅಂತ ಸ್ಕೋರ್ ಕಂಡರೆ ಅದು ಹಳೆಯದು.

ಹಾಗಂತ ಆ ಪುಸ್ತಕಗಳನ್ನು ನಾನು ಎಸೆಯಲಿಲ್ಲ. ಅಂಕಗಣಿತ, ಬೀಜಗಣಿತ, ಒಂದು ವಾದವನ್ನು ತೂಗಿ ನೋಡುವ ಕ್ರಿಟಿಕಲ್ ರೀಸನಿಂಗ್, ಓದಿ ಉತ್ತರಿಸುವ ರೀಡಿಂಗ್ ಕಾಂಪ್ರೆಹೆನ್ಷನ್ ಈಗಲೂ ಹಾಗೇ ಇವೆ. ಒಂದನ್ನು ಇಟ್ಟುಕೊಂಡು ಮೂರನ್ನು ವಾಪಸ್ ಕೊಟ್ಟೆ.

ಮುಂದಿನ ಪುಸ್ತಕ ಕೊಳ್ಳುವ ಮೊದಲು ಪರೀಕ್ಷೆ ನಡೆಸುವ ಜಿಮ್ಯಾಕ್ ಸಂಸ್ಥೆಯ ಉಚಿತ ಮಾದರಿ ಪರೀಕ್ಷೆ ಬರೆದೆ. ಅಂಥವು ಎರಡು ಸಿಗುತ್ತವೆ. ಒಂದನ್ನು ಅಂದೇ ಬರೆದು, ಇನ್ನೊಂದನ್ನು ಕೊನೆಯ ವಾರಕ್ಕೆ ಉಳಿಸಿದೆ. 505 ಬಂತು. ಎರಡು ದಿನ ಬೇಜಾರಾಗಿತ್ತು. ಆಮೇಲೆ 200 ಪುಟದ ಲಾಂಗ್ ನೋಟ್‌ಬುಕ್ ತಂದು, ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಯಾಕೆ ತಪ್ಪಾಯಿತು ಅಂತ ಕನ್ನಡದಲ್ಲಿ ಬರೆದೆ. ‘ಸೂತ್ರ ಗೊತ್ತಿರಲಿಲ್ಲ.’ ‘ಸೂತ್ರ ಗೊತ್ತಿತ್ತು, ಪ್ರಶ್ನೆ ಅರ್ಥ ಆಗಲಿಲ್ಲ.’ ‘ಎರಡು ಉತ್ತರ ಉಳಿದವು, ಊಹೆ ಮಾಡಿದೆ.’ ‘ಟೈಮ್ ಸಾಲಲಿಲ್ಲ.’ ಈ ನಾಲ್ಕರಲ್ಲಿ ಯಾವುದು ಜಾಸ್ತಿ ಅಂತ ಎಣಿಸಿದಾಗ ಯಾವ ಪುಸ್ತಕ ಬೇಕು ಅನ್ನೋದು ತಾನಾಗಿ ತಿಳಿಯಿತು. ಸೂತ್ರ ಗೊತ್ತಿಲ್ಲದವರಿಗೆ ಕಲಿಸುವ ಪುಸ್ತಕ ಬೇಕು. ಊಹೆ ಮಾಡುವವರಿಗೆ ವಿವರಣೆ ಚೆನ್ನಾಗಿರುವ ಪುಸ್ತಕ ಬೇಕು. ಟೈಮ್ ಸಾಲದವರಿಗೆ ಪುಸ್ತಕವೇ ಬೇಡ, ಗಡಿಯಾರ ಇಟ್ಟುಕೊಂಡು ಕೂರಬೇಕು. ಇದನ್ನು ನೋಡದೆ ಯಾರೋ ಹೇಳಿದರು ಅಂತ ಹತ್ತು ಪುಸ್ತಕದ ಸೆಟ್ ಕೊಂಡರೆ ದುಡ್ಡೂ ಹೋಗುತ್ತದೆ, ತಿಂಗಳುಗಳೂ ಹೋಗುತ್ತವೆ.

ಕ್ವಾಂಟ್‌ನಲ್ಲಿ ನನಗೆ ಕಾಡಿದ್ದು ಎರಡನೆಯದು. ಲೆಕ್ಕ ಗೊತ್ತು, ಇಂಗ್ಲಿಷಿನ ಮಾತು ಜಾರುತ್ತಿತ್ತು. 40ರ ಶೇಕಡಾ 150 ಅಂದರೆ 60. 40ಕ್ಕಿಂತ ಶೇಕಡಾ 150 ಜಾಸ್ತಿ ಅಂದರೆ 100. ಕನ್ನಡದಲ್ಲಿ ಹೇಳಿದರೆ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ, ಅದೂ ಎರಡು ನಿಮಿಷದ ಒತ್ತಡದಲ್ಲಿ, ನಾನು ಮತ್ತೆ ಮತ್ತೆ ತಪ್ಪಿದೆ. ಅದಕ್ಕೆ ನಾನು ಮೊದಲು ತೆಗೆದದ್ದು ಗೈಡನ್ನಲ್ಲ, ನಮ್ಮ ರಾಜ್ಯದ 8, 9, 10ನೇ ತರಗತಿಯ ಗಣಿತ ಪಠ್ಯಪುಸ್ತಕಗಳನ್ನು. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಮ.ಸಾ.ಅ., ಲ.ಸಾ.ಅ., ಶೇಷ, ಅನುಪಾತ, ಅವಿಭಾಜ್ಯ ಸಂಖ್ಯೆ, ಎಲ್ಲದರ ಇಂಗ್ಲಿಷ್ ಹೆಸರು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಹತ್ತೇ ದಿನದ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಆ ಗಣಿತ ನಮ್ಮೊಳಗೆ ಆಗಲೇ ಇದೆ, ಹೆಸರು ಬದಲಾಗಿದೆ ಅಷ್ಟೇ.

ಆಮೇಲೆ ಜಿಮ್ಯಾಕ್‌ನವರದೇ ಆದ ಆಫೀಶಿಯಲ್ ಗೈಡ್ ಕೊಂಡೆ, ಹೊಸದನ್ನೇ. ಸೆಕೆಂಡ್ ಹ್ಯಾಂಡ್ ಯಾಕೆ ಬೇಡ ಅಂದರೆ, ಅದರ ಜೊತೆ ಆನ್‌ಲೈನ್ ಪ್ರಶ್ನೆಗಳಿಗೆ ಒಂದು ಕೋಡ್ ಬರುತ್ತದೆ. ಹಳೇ ಪ್ರತಿಯಲ್ಲಿ ಆ ಕೋಡನ್ನು ಬೇರೆಯವರು ಬಳಸಿಬಿಟ್ಟಿರುತ್ತಾರೆ. ಈಗಿನ ಪರೀಕ್ಷೆಗೆ ಆ ಆನ್‌ಲೈನ್ ಭಾಗ ತುಂಬಾ ಮುಖ್ಯ. ಡೇಟಾ ಇನ್‌ಸೈಟ್ಸ್‌ನಲ್ಲಿ ಟೇಬಲನ್ನು ಕಾಲಂ ಪ್ರಕಾರ ಜೋಡಿಸಿ ನೋಡಬೇಕು, ಟ್ಯಾಬ್‌ಗಳ ನಡುವೆ ಓಡಾಡಬೇಕು. ಕಾಗದದ ಮೇಲೆ ಅದು ಅಭ್ಯಾಸವಾಗುವುದಿಲ್ಲ, ಅಲ್ವಾ?

ಈ ಗೈಡ್‌ನ ಬೆಲೆ ಇರುವುದು ಅದರ ಪ್ರಶ್ನೆಗಳಲ್ಲಿ. ಅವೆಲ್ಲ ಹಿಂದೆ ಪರೀಕ್ಷೆಯಲ್ಲಿ ಕೇಳಿದವು. ವರ್ಬಲ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೇರೊಂದು ಗೈಡ್‌ನ ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಯೊಂದರ ಮೇಲೆ ನಾನೂ ಗೆಳತಿಯೂ ಅರ್ಧ ಗಂಟೆ ವಾದ ಮಾಡಿದ್ದೆವು. ಕೊನೆಗೆ ನೋಡಿದರೆ ಎರಡು ಉತ್ತರವೂ ಸರಿ ಅನ್ನಿಸುವಂತೆ ಪ್ರಶ್ನೆ ಬರೆದಿದ್ದರು. ಅಸಲಿ ಪ್ರಶ್ನೆಯಲ್ಲಿ ಹಾಗಾಗುವುದಿಲ್ಲ. ‘ಕೆಲವು’ ಅಂತಿದೆಯೋ ‘ಹೆಚ್ಚಿನ’ ಅಂತಿದೆಯೋ, ಆ ಒಂದೇ ಪದದ ಮೇಲೆ ಉತ್ತರ ನಿಂತಿರುತ್ತದೆ. ಕೆಟ್ಟ ಪ್ರಶ್ನೆಗಳಲ್ಲಿ ಅಭ್ಯಾಸ ಮಾಡಿದರೆ ಆ ಸೂಕ್ಷ್ಮ ಹೋಗಿಬಿಡುತ್ತದೆ. ಹಾಗಾಗಿ ವರ್ಬಲ್‌ಗೆ ಆಫೀಶಿಯಲ್ ಪ್ರಶ್ನೆ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಆದರೆ ಈ ಗೈಡ್ ಕಲಿಸುವುದು ಕಡಿಮೆ. ವಿವರಣೆ ಸರಿಯಾಗಿರುತ್ತದೆ, ದಾರಿ ಉದ್ದ. ಮೂರು ಸಾಲಲ್ಲಿ ಮುಗಿಯುವ ಲೆಕ್ಕಕ್ಕೆ ಪೂರ್ತಿ ಸಮೀಕರಣ ಬರೆದಿರುತ್ತಾರೆ. ಅದಕ್ಕೆ ಕಲಿಸುವ ಪುಸ್ತಕವೊಂದು ಬೇರೆ ಬೇಕಿತ್ತು. ಅದನ್ನು ಆರಿಸಲು ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಎರಡು ಭಾನುವಾರ ಕಳೆದೆ. ಹೋಗುವಾಗ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದೆ.

ಪೆನ್ನಿಗೆ 7 ರೂಪಾಯಿ, ಪುಸ್ತಕಕ್ಕೆ 19 ರೂಪಾಯಿ. ಒಬ್ಬ ಎರಡನ್ನೂ ಕೊಂಡು ಒಟ್ಟು 85 ರೂಪಾಯಿ ಕೊಟ್ಟ. ಪೆನ್ನು ಎಷ್ಟು ಅಂತ ಹೇಳಲು ಇಷ್ಟು ಮಾಹಿತಿ ಸಾಕಾ, ಸಾಲದಾ? ಎರಡು ಅವ್ಯಕ್ತ ಪದ, ಒಂದೇ ಸಮೀಕರಣ, ಸಾಲದು ಅಂತ ಕೈ ತಾನಾಗಿ ಬರೆಯುತ್ತದೆ. ಆದರೆ ಅರ್ಧ ಪೆನ್ನು ಕೊಳ್ಳಲು ಬರುವುದಿಲ್ಲ. 85ರಿಂದ 19, 38, 57, 76 ಕಳೆದು ನೋಡಿ. 66, 47, 28, 9 ಉಳಿಯುತ್ತವೆ. ಇವುಗಳಲ್ಲಿ 7ರಿಂದ ಭಾಗವಾಗುವುದು 28 ಒಂದೇ. ನಾಲ್ಕು ಪೆನ್ನು, ಮೂರು ಪುಸ್ತಕ. ಮಾಹಿತಿ ಸಾಕು. ಡೇಟಾ ಸಫಿಶಿಯೆನ್ಸಿಯ ಹೆಸರಾಂತ ಬಲೆ ಇದು.

ಪ್ರತಿ ಗೈಡ್‌ನಲ್ಲೂ ಈ ಥರದ ಲೆಕ್ಕ ಹುಡುಕಿ, ವಿವರಣೆ ಓದಿದೆ. ಒಂದರಲ್ಲಿ ಬಲೆಯ ಮಾತೇ ಇರಲಿಲ್ಲ, ‘ಅವ್ಯಕ್ತ ಪದ ಎಷ್ಟೋ ಸಮೀಕರಣ ಅಷ್ಟು ಬೇಕು’ ಅಂತ ನಿಯಮವಾಗಿ ಬರೆದಿದ್ದರು. ಅಲ್ಲೇ ಮುಚ್ಚಿಟ್ಟೆ. ಇನ್ನೊಂದರಲ್ಲಿ ಉತ್ತರ ಸರಿ ಇತ್ತು, ಯಾಕೆ ಅಂತ ಇರಲಿಲ್ಲ. ಮೂರನೆಯದರಲ್ಲಿ ‘ಇಲ್ಲಿ ಹೆಚ್ಚಿನವರು ಹೀಗೆ ಯೋಚಿಸಿ ತಪ್ಪುತ್ತಾರೆ’ ಅಂತ ಶುರು ಮಾಡಿ, ಪೂರ್ಣ ಸಂಖ್ಯೆ ಆಗಿರಬೇಕು ಅನ್ನುವ ಅಂಶ ಪ್ರಶ್ನೆಯಲ್ಲಿ ಎಲ್ಲಿ ಅಡಗಿದೆ ಅಂತ ತೋರಿಸಿದ್ದರು. ಅದನ್ನೇ ಕೊಂಡೆ. ತಪ್ಪು ಉತ್ತರ ಯಾಕೆ ತಪ್ಪು ಅಂತ ಹೇಳದ ಗೈಡ್ ಎಷ್ಟೇ ದಪ್ಪ ಇದ್ದರೂ ನನಗೆ ಉಪಯೋಗ ಆಗಲಿಲ್ಲ. ಅಂದಿನಿಂದ ಡೇಟಾ ಸಫಿಶಿಯೆನ್ಸಿಯನ್ನು ನಾನು ‘ಸಾಕಾ-ಸಾಲದಾ’ ಅಂತಲೇ ಕರೆಯುತ್ತೇನೆ. ಹಾಗೆ ಕರೆದಾಗ ಉತ್ತರ ಕಂಡುಹಿಡಿಯುವ ಆತುರ ಕಡಿಮೆಯಾಗಿ, ಕೇಳಿದ್ದಕ್ಕಷ್ಟೇ ಮನಸ್ಸು ಹೋಗುತ್ತದೆ.

ಒಂದು ತಪ್ಪು ನನ್ನಿಂದ ಆಗಿದೆ, ನೀವು ಮಾಡಬೇಡಿ. ಆಫೀಶಿಯಲ್ ಗೈಡ್ ಬಂದ ಉತ್ಸಾಹದಲ್ಲಿ ಏನೂ ಕಲಿಯದೆ ಮೊದಲ ನೂರೈವತ್ತು ಪ್ರಶ್ನೆ ಗಡಿಯಾರ ಇಲ್ಲದೆ ಮಾಡಿ ಮುಗಿಸಿದೆ. ಅಸಲಿ ಪ್ರಶ್ನೆಗಳು ಎಷ್ಟು ಬೇಕೋ ಅಷ್ಟು ಸಿಗುವುದಿಲ್ಲ. ಒಮ್ಮೆ ಉತ್ತರ ನೋಡಿದ ಪ್ರಶ್ನೆ ಮತ್ತೆ ಹೊಸದಾಗುವುದಿಲ್ಲ. ಆಮೇಲೆ ಕ್ರಮ ಬದಲಿಸಿದೆ. ಕಲಿಸುವ ಪುಸ್ತಕದಿಂದ ಒಂದು ಅಧ್ಯಾಯ, ಅದರ ಮೇಲೆ ಆಫೀಶಿಯಲ್ ಗೈಡ್‌ನ ಹತ್ತು ಪ್ರಶ್ನೆ, ಇಪ್ಪತ್ತು ನಿಮಿಷ, ಆಮೇಲೆ ನೋಟ್‌ಬುಕ್. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ, ಆಫೀಸಿಗೆ ಹೊರಡುವ ಮೊದಲು. ಐದು ತಿಂಗಳು. ಉಳಿಸಿಟ್ಟಿದ್ದ ಎರಡನೇ ಮಾದರಿ ಪರೀಕ್ಷೆಯಲ್ಲಿ 635 ಬಂತು, ನಿಜವಾದ ಪರೀಕ್ಷೆಯಲ್ಲಿ 655.

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಕ್ಕಾ, ನಿನ್ನ ಪುಸ್ತಕ ಎಲ್ಲ ನನಗೆ ಕೊಡ್ತೀಯಾ?" ಅಂತ ಕೇಳಿದ. ಕಲಿಸುವ ಪುಸ್ತಕ ಕೊಡುತ್ತೇನೆ ಅಂದೆ. ಆಫೀಶಿಯಲ್ ಗೈಡ್ ಬೇಡ, ಅದರಲ್ಲಿ ಪುಟಪುಟಕ್ಕೂ ನನ್ನ ಪೆನ್ಸಿಲ್ ಗುರುತಿದೆ, ಕೋಡೂ ಮುಗಿದಿದೆ, ನೀನು ಹೊಸದೇ ತಗೋ ಅಂದೆ. ಉಚಿತ ಪರೀಕ್ಷೆ ಬರೆದಿದ್ದೀಯಾ ಅಂತ ಕೇಳಿದರೆ, "ಇನ್ನೂ ಇಲ್ಲ ಅಕ್ಕಾ, ಸ್ವಲ್ಪ ಓದಿ ಬರೆಯೋಣ ಅಂತಿದ್ದೆ" ಅಂದ. ಈ ಭಾನುವಾರ ಬೆಳಿಗ್ಗೆ ನಮ್ಮ ಮನೆಗೇ ಬಂದು ಬರೆಯುತ್ತಾನೆ. ಹೊಸ ಲಾಂಗ್ ನೋಟ್‌ಬುಕ್ ಒಂದು ತಂದಿಟ್ಟಿದ್ದೇನೆ.