ಲಕ್ಕಿ ಎಣ್ಣೆಗೆ ಬೂಷ್ಟು ಹಿಡಿದಾಗ

ನಾನು ಮೊದಲ ಸಲ ಮಾಡಿದ ನೋವಿನ ಎಣ್ಣೆ ಒಂದೇ ಮಳೆಗಾಲಕ್ಕೆ ಹಾಳಾಯಿತು. ಹನ್ನೆರಡು ಬಾಟ್ಲಿ. ಆಷಾಢದಲ್ಲಿ ಕಪಾಟು ತೆಗೆದರೆ ತಳದಲ್ಲಿ ಮಬ್ಬು ನೀರು, ಮುಚ್ಚಳದ ಒಳಗೆಲ್ಲ ಬೂಷ್ಟು.

ಆಯುರ್ವೇದ ವೈದ್ಯರ ಪದವಿ ಬಿಎಎಂಎಸ್ ಮುಗಿಸಿ ತೀರ್ಥಹಳ್ಳಿ ಹತ್ತಿರ ಸಣ್ಣ ಕ್ಲಿನಿಕ್ ಇಟ್ಟಿದ್ದೆ. ಲಕ್ಕಿ ಗಿಡ ನಮ್ಮ ಕಡೆ ಬೇಲಿಯಲ್ಲೇ ಸಿಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ನಿರ್ಗುಂಡಿ. ಬಾಣಂತಿಗೆ ಅದರ ಸೊಪ್ಪು ಹಾಕಿದ ಬಿಸಿನೀರಿನ ಸ್ನಾನ, ಮಂಡಿ ನೋವಿಗೆ ಸೊಪ್ಪು ಬಾಡಿಸಿ ಕಟ್ಟುವುದು, ಇವೆಲ್ಲ ಮನೆಯಲ್ಲೇ ನೋಡಿದ್ದು. ಹಾಗಾಗಿ ಯಾವ ಗಿಡ ಅನ್ನೋ ಚಿಂತೆ ನನಗಿರಲಿಲ್ಲ. ಸೋತದ್ದು ಒಲೆ ಹತ್ತಿರ.

ಅಳತೆ ಸುಲಭ. 4 ಕೆಜಿ ಹಸಿ ಸೊಪ್ಪು ಜಜ್ಜಿ 16 ಲೀಟರ್ ನೀರಿಗೆ ಹಾಕಿ, 4 ಲೀಟರ್‌ಗೆ ಇಳಿಯುವವರೆಗೆ ಕುದಿಸಿ ಸೋಸಬೇಕು. ಆ ಕಷಾಯಕ್ಕೆ 1 ಲೀಟರ್ ಎಳ್ಳೆಣ್ಣೆ. ಜೊತೆಗೆ ಅದೇ ಸೊಪ್ಪನ್ನು ನುಣ್ಣಗೆ ರುಬ್ಬಿದ ಮುದ್ದೆ. ಇದಕ್ಕೆ ಕಲ್ಕ ಅಂತಾರೆ. ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಲೆಕ್ಕದಲ್ಲಿ ಬರೀ ನೀರು ಹಾಕಿ ಕಾಯಿಸುವಾಗ ಕಲ್ಕ ಎಣ್ಣೆಯ ನಾಲ್ಕರಲ್ಲೊಂದು ಪಾಲು, ಕಷಾಯ ಹಾಕಿದರೆ ಆರರಲ್ಲೊಂದು, ಹಸಿ ರಸ ಹಾಕಿದರೆ ಎಂಟರಲ್ಲೊಂದು. ಆಮೇಲೆ ಸಣ್ಣ ಉರಿಯಲ್ಲಿ ನೀರೆಲ್ಲ ಹೋಗುವ ತನಕ ಕಾಯಿಸುವುದು. ಒಂದೇ ದಿನದಲ್ಲಿ ಮುಗಿಸಬೇಡಿ ಅಂತಲೂ ಹಿಂದಿನವರು ಹೇಳಿದ್ದಾರೆ. ನಾನು ಗ್ಯಾಸ್ ಉರಿ ದೊಡ್ಡದು ಮಾಡಿ ಒಂದೇ ಸಂಜೆಯಲ್ಲಿ ಮುಗಿಸಿದ್ದೆ. ತಳ ಹಿಡಿದೀತು ಅಂತ ಹೆದರಿ ಬೇಗ ಇಳಿಸಿಯೂ ಬಿಟ್ಟೆ. ನೋಡೋಕೆ ಎಣ್ಣೆ ಹಸಿರಾಗಿ ಚೆಂದವೇ ಇತ್ತು. ಕಲ್ಕದ ಒಳಗೆ ಮಾತ್ರ ಇನ್ನೂ ನೀರಿತ್ತು.

ಹಾಳಾದ ಬಾಟ್ಲಿ ನೋಡಿ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: “ಬತ್ತಿ ಮಾಡಿ ನೋಡಿದ್ಯೇನೋ, ಇಲ್ಲ ಸುಮ್ನೆ ಇಳಿಸಿದ್ಯೋ?” ಅದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಯಲ್ಲಿ ಮಾಡಿರಲಿಲ್ಲ ಅಷ್ಟೇ.

ಈಗ ಮೂರು ದಿನ ಇಟ್ಟುಕೊಳ್ಳುತ್ತೇನೆ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ, ಉಕ್ಕುತ್ತದೆ. ಕೊನೇ ದಿನ ಒಲೆ ಬಿಟ್ಟು ಏಳುವ ಹಾಗಿಲ್ಲ, ಫೋನ್ ಬಂದರೂ. ಸೌಟಿನ ತುದಿಯಿಂದ ಒಂಚೂರು ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸುತ್ತೇನೆ. ಮೊದಮೊದಲು ಬೆರಳಿಗೇ ಮೆತ್ತಿಕೊಳ್ಳುತ್ತದೆ. ಆಮೇಲೆ ಮೇಣದ ಹಾಗೆ ಬತ್ತಿಯಾಗುತ್ತದೆ. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಅನ್ನಬಾರದು. ಚಟಚಟ ಅಂದರೆ ನೀರಿದೆ ಅಂತಲೇ. ನೀರೆಲ್ಲ ಹೋದ ಹೊತ್ತಿಗೆ ಎಣ್ಣೆಯಲ್ಲಿ ನೊರೆ ಏಳುತ್ತದೆ. (ತುಪ್ಪವಾದರೆ ಉಲ್ಟಾ, ನೊರೆ ಅಡಗುತ್ತದೆ.) ಮೈಗೆ ಹಚ್ಚುವ ಎಣ್ಣೆಗೆ ಇನ್ನೂ ಸ್ವಲ್ಪ ಮುಂದೆ ಹೋಗಿ, ಕಲ್ಕ ಕೊಂಚ ಗಡುಸಾಗುವ ತನಕ ಕಾಯಬಹುದು. ಅದು ಖರಪಾಕ. ಅಲ್ಲಿಂದ ಸೀಯೋದಕ್ಕೆ ಜಾಸ್ತಿ ಹೊತ್ತು ಬೇಡ. ಸೋಸಿದ ಮೇಲೆ, ಉಗುರುಬೆಚ್ಚಗಿರುವಾಗ ಕರ್ಪೂರ. ಬಿಸಿಯಲ್ಲೇ ಹಾಕಿದರೆ ಅರ್ಧ ಗಾಳಿಗೆ ಹೋಯಿತು.

ಇದರಿಂದ ನೋವು ಕಡಿಮೆಯಾಗುತ್ತಾ? ಆಗುತ್ತದೆ ಅಂತ ನನ್ನ ರೋಗಿಗಳು ಹೇಳುತ್ತಾರೆ. ಆದರೆ ಎಣ್ಣೆ ತಿಕ್ಕಿದ ಕೈಗೆ, ಮೇಲಿಂದ ಕೊಟ್ಟ ಬಿಸಿನೀರಿನ ಶಾಖಕ್ಕೆ ಅರ್ಧ ಹೆಸರು ಸಲ್ಲಬೇಕು ಅಂತ ನನ್ನ ಲೆಕ್ಕ.

ಗಾಯದ ಮುಲಾಮಿನ ಕಥೆ ಬೇರೆ. ಅಡಿಕೆ ಸೀಮೆ ನಮ್ಮದು. ಕತ್ತಿ ತಾಗಿದ್ದು, ಹಿಮ್ಮಡಿ ಒಡೆದದ್ದು ದಿನಾ ಬರುತ್ತವೆ. ಜಾಜಿ ಎಲೆ, ಬೇವಿನ ಸೊಪ್ಪು, ಅರಿಶಿನ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ, ಅದಕ್ಕೆ ಜೇನುಮೇಣ ಕರಗಿಸುತ್ತೇನೆ. ಒಂದು ಪಾಲು ಮೇಣಕ್ಕೆ ಆರು ಪಾಲು ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಕರಗುವುದರಿಂದ ಬೇಸಿಗೆಯಲ್ಲಿ ಮುಲಾಮು ಡಬ್ಬಿಯಲ್ಲೇ ಸಾರಾಗುತ್ತಿತ್ತು. ಈಗ ಮಾರ್ಚ್ ಬಂದರೆ ಐದು ಪಾಲಿಗೆ ಇಳಿಸುತ್ತೇನೆ. ಅರಿಶಿನದ ಕಲೆ ಬಗ್ಗೆ ಬಟ್ಟೆ ಒಗೆಯುವವರ ಬೈಗುಳಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.

ಇಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಮೊದಲು ಗಾಯಕ್ಕೂ ಮುಲಾಮಲ್ಲ, ಬೇರೆ ಎಣ್ಣೆ ಕೊಡುತ್ತಿದ್ದೆ. ಎರಡಕ್ಕೂ ಒಂದೇ ಥರದ ಬಾಟ್ಲಿ, ಕೈಬರಹದ ಚೀಟಿ. ಒಬ್ಬ ಅಜ್ಜ ಕತ್ತಿ ತಾಗಿದ ಜಾಗಕ್ಕೆ ಕರ್ಪೂರ ಹಾಕಿದ ನೋವಿನ ಎಣ್ಣೆ ಹಚ್ಚಿಕೊಂಡು, ಉರಿ ತಾಳಲಾರದೆ ರಾತ್ರಿ ಎಂಟಕ್ಕೆ ಮನೆಗೇ ಬಂದರು. “ಡಾಕ್ಟ್ರೇ, ಇದು ಗಾಯಕ್ಕೋ ಒಗ್ಗರಣೆಗೋ?” ಅಂದರು. ತೊಳೆದು ಕಳಿಸಿದೆ, ದೊಡ್ಡದೇನೂ ಆಗಲಿಲ್ಲ. ಮಾರನೇ ದಿನದಿಂದ ನೋವಿನದ್ದು ಉದ್ದ ಬಾಟ್ಲಿ, ಗಾಯದ್ದು ಚಪ್ಪಟೆ ಡಬ್ಬಿ. ಓದು ಬಾರದವರಿಗೂ ಕೈಗೆ ಗೊತ್ತಾಗಬೇಕಲ್ವಾ?

ಇನ್ನೊಂದು ಪಾಠ ಗದ್ದೆ ನಾಟಿ ಸಮಯದಲ್ಲಿ ಆಯಿತು. ಕೆಸರಲ್ಲಿ ನಿಂತು ಕಾಲ್ಬೆರಳ ಸಂದಿ ಕೊಳೆತವರಿಗೆ ಇದೇ ಮುಲಾಮು ಕೊಟ್ಟೆ, ಜಾಸ್ತಿಯಾಯಿತು. ಮೊದಲೇ ನೀರು ಕುಡಿದು ಬೆಳ್ಳಗಾದ ಚರ್ಮ, ಮೇಲೆ ಮೇಣ ಮುಚ್ಚಿದರೆ ಒಣಗುವುದು ಹೇಗೆ? ಅದಕ್ಕೀಗ ಮುಲಾಮಿಲ್ಲ, ಒಣಗಿಸುವುದೇ ಮೊದಲು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕೀವು ಜೊತೆಗೆ ಜ್ವರ, ಆಳದ ಗಾಯ, ಇವನ್ನು ಆಸ್ಪತ್ರೆಗೇ ಕಳಿಸುತ್ತೇನೆ. ಮೊಳೆ ಚುಚ್ಚಿಸಿಕೊಂಡವರಿಗೆ ಮೊದಲು ಧನುರ್ವಾಯು ತಡೆಯುವ ಇಂಜೆಕ್ಷನ್, ಆಮೇಲೆ ಬೇರೆ ಮಾತು. ಕರ್ಪೂರದ ಎಣ್ಣೆಯನ್ನು ಎಳೆ ಮಕ್ಕಳಿಗೆ ಕೊಡುವುದಿಲ್ಲ. ಹೊಸಬರಾದರೆ ಮುಂಗೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಮಾರನೇ ದಿನ ನೋಡಿ ಅನ್ನುತ್ತೇನೆ.

ಪೇಟೆಯ ಮೆಡಿಕಲ್ ಶಾಪಿನವರು ಡಜನ್ ಲೆಕ್ಕದಲ್ಲಿ ಕೇಳಿದ್ದರು. ವೈದ್ಯರು ತಮ್ಮ ರೋಗಿಗಳಿಗೆ ಮಾಡಿಕೊಳ್ಳುವ ಔಷಧಿಗೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಂಗಡಿಗೆ ಹೋಗಬೇಕಾದರೆ ಆಯುಷ್ ಲೈಸೆನ್ಸ್ ಬೇಕು, ಶೆಡ್ಯೂಲ್ ಟಿ (ಆಯುರ್ವೇದ ಔಷಧಿ ತಯಾರಿಸುವ ಕ್ರಮದ ನಿಯಮ) ಪ್ರಕಾರ ಜಾಗ, ದಾಖಲೆ ಎಲ್ಲ ಇರಬೇಕು. ನನ್ನ ಹಿತ್ತಿಲ ಒಲೆಗೆ ಅದು ಆಗದ ಮಾತು. ಆದರೆ ಹಾಗೆ ಲೈಸೆನ್ಸ್ ಪಡೆದು ಮಾಡುವವರಿಂದ ಒಂದನ್ನು ಕಲಿತೆ. ಪ್ರತಿ ಸಲ ಮಾಡಿದ್ದರಲ್ಲಿ ಒಂದು ಬಾಟ್ಲಿಗೆ ತಾರೀಖು ಬರೆದು ಕಪಾಟಿನಲ್ಲೇ ಉಳಿಸುತ್ತೇನೆ, ಮಳೆಗಾಲ ದಾಟುತ್ತದಾ ನೋಡೋಣ ಅಂತ.

ಈಗ ಉಳಿದಿರುವ ಜಗಳ ಖಾಲಿ ಬಾಟ್ಲಿಯದ್ದು. “ಚೆನ್ನಾಗಿ ತೊಳೆದಿದೀನಿ ಡಾಕ್ಟ್ರೇ, ಇದಕ್ಕೇ ಹಾಕಿಕೊಡಿ” ಅಂತ ತರುತ್ತಾರೆ. ಬೆಳಕಿಗೆ ಹಿಡಿದರೆ ತಳದಲ್ಲಿ ಎರಡು ಹನಿ ನೀರು. ಇಸಿದುಕೊಂಡು ಪಕ್ಕಕ್ಕಿಟ್ಟು, ಒಣಗಿದ ಬೇರೆ ಬಾಟ್ಲಿಯಲ್ಲಿ ತುಂಬಿಸಿ ಕೊಡುತ್ತೇನೆ.