ಬೇರಿಯಾಟ್ರಿಕ್ ಸರ್ಜರಿಯ ನಂತರ ವ್ಯಾಯಾಮ ಮಾಡುವಾಗ ವಾಕರಿಕೆಯೇ? ಕೊಡಗಿನ ಏರುತಗ್ಗಿನಲ್ಲಿ ನಿಭಾಯಿಸುವ ಬಗೆ

ತೂಕ ಇಳಿಸುವ ಸರ್ಜರಿ ಆದವರಿಗೆ ಡಿಸ್ಚಾರ್ಜ್ ಹೊತ್ತಿನಲ್ಲಿ ಎಲ್ಲ ಆಸ್ಪತ್ರೆಗಳೂ ಹೇಳುವ ಮಾತು ಒಂದೇ: ದಿನಾ ನಡೆಯಿರಿ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಆಪರೇಷನ್ ಮಾಡಿಸಿಕೊಂಡು ಕೊಡಗಿಗೆ ಮರಳಿದವರಿಗೆ ಇದನ್ನು ಪಾಲಿಸುವುದು ಅಷ್ಟು ಸಲೀಸಲ್ಲ. ಗೇಟು ದಾಟಿದರೆ ಏರು, ಇಲ್ಲವೇ ಇಳಿಜಾರು. ಹತ್ತು ನಿಮಿಷ ನಡೆಯುವಷ್ಟರಲ್ಲಿ ಬಾಯಲ್ಲಿ ನೀರೂರಿ, ಹೊಟ್ಟೆ ತೊಳಸಿ, ಮೈ ತಣ್ಣಗೆ ಬೆವರತೊಡಗುತ್ತದೆ. ಅನೇಕರು ವ್ಯಾಯಾಮವನ್ನು ಕೈಬಿಡುವುದು ಇಲ್ಲೇ. ಕೈಬಿಡಬೇಕಾಗಿಲ್ಲ. ನಡಿಗೆಗೆ ಮುಂಚಿನ ಎರಡು ಮೂರು ಗಂಟೆಯಲ್ಲಿ ಏನು ಕುಡಿದಿರಿ, ಏನು ತಿಂದಿರಿ, ಯಾವ ಮಾತ್ರೆ ನುಂಗಿದಿರಿ ಎಂದು ನೋಡಿಕೊಂಡರೆ ಬಹುಪಾಲು ಕಾರಣ ಅಲ್ಲೇ ಸಿಗುತ್ತದೆ. ಉಳಿದದ್ದನ್ನು ವಾಕರಿಕೆ ಬರುವ ಹೊತ್ತೇ ತಿಳಿಸುತ್ತದೆ.

ಒಳಗೆ ಆಗಿರುವ ಬದಲಾವಣೆ

ಸ್ಲೀವ್ ಸರ್ಜರಿಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ನಳಿಕೆಯೊಂದನ್ನು ಉಳಿಸುತ್ತಾರೆ. ಅದರಲ್ಲಿ ಹಿಡಿಯುವುದು ಸುಮಾರು 100–150 ಮಿ.ಲೀ. ಮಾತ್ರ. ಒಳಗಿನ ಒತ್ತಡ ಮೊದಲಿಗಿಂತ ಹೆಚ್ಚಿರುವುದರಿಂದ ಸ್ವಲ್ಪ ಬಗ್ಗಿದರೂ ಆಮ್ಲ ಗಂಟಲಿಗೆ ಬರಬಹುದು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಉಳಿಯುವ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿ.ಲೀ. ತಿಂದದ್ದು ಅಲ್ಲಿಂದ ನೇರವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಸಿಹಿ ತಿಂದರೆ ಕರುಳು ಮೈಯ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ವಾಕರಿಕೆ ಒಟ್ಟಿಗೇ ಬರುತ್ತವೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ.

ಇದರ ಮೇಲೆ ವ್ಯಾಯಾಮ. ಜೋರಾಗಿ ನಡೆದಾಗ ಹೊಟ್ಟೆ, ಕರುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಾಲಿನ ಸ್ನಾಯುಗಳಿಗೆ ತಿರುಗುತ್ತದೆ. ಮೈಯಲ್ಲಿ ನೀರಿನಂಶ ಕಡಿಮೆಯಿದ್ದರೆ ಹೊಟ್ಟೆಯ ಪಾಲು ಇನ್ನಷ್ಟು ತಗ್ಗುತ್ತದೆ. ಆಪರೇಷನ್ ಆಗದವರಿಗೂ ಹೀಗೆ ವಾಕರಿಕೆ ಬರುತ್ತದೆ. ಆಪರೇಷನ್ ಆದವರಿಗೆ ಬೇಗ ಬರುತ್ತದೆ, ಅಷ್ಟೇ.

ಮಡಿಕೇರಿಯ ಎತ್ತರದಿಂದಲೇ ಹೀಗಾಗುತ್ತಿದೆ ಎಂದು ಕೆಲವರು ತಿಳಿಯುತ್ತಾರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್‌ಗಿಂತ ಮೇಲೆ. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಹಾಗಾಗಿ ಎತ್ತರವನ್ನು ಬಿಟ್ಟು ಕಾರಣ ಹುಡುಕಬೇಕು.

ಮೊದಲು ನೀರು

ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ನೀರಿನ ಕೊರತೆ. ಬಯಲುಸೀಮೆಯಲ್ಲಿ ಬಿಸಿಲೇ ನೀರು ಕುಡಿಸುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಡಿಸೆಂಬರ್–ಜನವರಿಯಲ್ಲಿ ಚಳಿ, ಬಾಯಾರಿಕೆಯೇ ಆಗುವುದಿಲ್ಲ. ತಣ್ಣೀರು ಕುಡಿಯಲು ಮನಸ್ಸು ಬಾರದೆ ದಿನಕ್ಕೆ ಮೂರು ಲೋಟದಲ್ಲಿ ನಿಲ್ಲಿಸಿಬಿಡುತ್ತಾರೆ. ಬೇಕಾದ್ದು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಅದೂ ಗುಟುಕು ಗುಟುಕಾಗಿ.

ಅರ್ಧ ಲೀಟರಿನ ಬಾಟಲಿಯನ್ನು ನಾಲ್ಕು ಸಲ ತುಂಬಿ ಖಾಲಿ ಮಾಡುವ ಲೆಕ್ಕ ಇಟ್ಟುಕೊಳ್ಳಿ. ಸರ್ಜರಿಯಾದ ಮೊದಲ ವಾರಗಳಲ್ಲಿ ಕಾಲು ಗಂಟೆಗೆ 30 ಮಿ.ಲೀ., ಅಂದರೆ ಊಟದ ಚಮಚದಲ್ಲಿ ಎರಡು. ಆಮೇಲೆ ಸಹಿಸಿದಷ್ಟು ಹೆಚ್ಚಿಸಬಹುದು. ಚಳಿಗೆ ಉಗುರುಬೆಚ್ಚಗಿನ ನೀರನ್ನು ಫ್ಲಾಸ್ಕಿನಲ್ಲಿ ತುಂಬಿಟ್ಟುಕೊಳ್ಳಿ. ನಡೆಯಲು ಹೊರಡುವ ಅರ್ಧ ಗಂಟೆ ಮುಂಚೆ ಶುರುಮಾಡಿ, 100–150 ಮಿ.ಲೀ.ಯನ್ನು (ಮೊದಲ ವಾರಗಳಲ್ಲಿ ಮೇಲೆ ಹೇಳಿದ ಲೆಕ್ಕದಷ್ಟೇ) ಆ ಅರ್ಧ ಗಂಟೆಯುದ್ದಕ್ಕೂ ಹಂಚಿ ಕುಡಿಯಿರಿ. ಹೊರಡುವ ಮುನ್ನ ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದರೆ ಆ ನೀರು ಹೊಟ್ಟೆಯಲ್ಲಿ ಕುಲುಕಾಡಿ, ಅದರಿಂದಲೇ ವಾಕರಿಕೆ ಬರುತ್ತದೆ. ನಡೆಯುವಾಗ ಹತ್ತು ನಿಮಿಷಕ್ಕೊಂದು ಸಣ್ಣ ಗುಟುಕು ಸಾಕು. ಊಟದ ಜೊತೆ ಮತ್ತು ಊಟವಾದ ಅರ್ಧ ಗಂಟೆಯವರೆಗೆ ನೀರು ಬೇಡ.

ಸಾಲುತ್ತಿದೆಯೇ ಎಂದು ಮೂತ್ರದ ಬಣ್ಣ ಹೇಳುತ್ತದೆ. ತಿಳಿ ಹಳದಿಯಿದ್ದರೆ ಹೊರಡಿ. ಬೆಳಗಿನ ಎರಡನೆಯ ಸಲವೂ ಕಡು ಹಳದಿಯಿದ್ದರೆ ಆ ಹೊತ್ತಿನ ನಡಿಗೆ ಬಿಟ್ಟು ಮೊದಲು ನೀರು ಕುಡಿಯಿರಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಕೆಲ ಗಂಟೆ ಮೂತ್ರ ಹೊಳೆಯುವ ಹಳದಿಯಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಓಆರ್‌ಎಸ್ ಬೇಕಾದರೆ ಮೆಡಿಕಲ್ ಅಂಗಡಿಯ ಪುಡಿಯನ್ನೇ ತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಪಾನೀಯಗಳಲ್ಲಿ ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಬೈಪಾಸ್ ಆದವರಿಗೆ ಡಂಪಿಂಗ್ ತರಿಸಲು ಅದೊಂದೇ ಸಾಕು. ಮನೆಯ ತೆಳು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿದರೂ ನಡೆಯುತ್ತದೆ, ಆದರೆ ಬಿಪಿ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಬೆಲ್ಲದ ಕಾಫಿ, ಊಟ, ಮಾತ್ರೆ

ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಗೆ ಬೆಲ್ಲದ ಕಾಫಿ ಕುಡಿದು ತೋಟಕ್ಕೆ ಇಳಿಯುವುದು ನಮ್ಮ ಕಡೆಯ ರೂಢಿ. ಸರ್ಜರಿಯಾದವರ ವಾಕರಿಕೆಗೆ ಇದು ಮುಖ್ಯ ದಾರಿ. ಸಕ್ಕರೆಗಿಂತ ಬೆಲ್ಲ ಒಳ್ಳೆಯದೆಂಬ ನಂಬಿಕೆ ಏನೇ ಇರಲಿ, ಡಂಪಿಂಗ್ ವಿಷಯದಲ್ಲಿ ಎರಡೂ ಒಂದೇ. ಕುಡಿದ 10ರಿಂದ 30 ನಿಮಿಷಕ್ಕೆ ಹೊಟ್ಟೆ ತೊಳಸಿ ಎದೆ ಬಡಿದುಕೊಂಡರೆ ಅದು ಆರಂಭದ ಡಂಪಿಂಗ್. ಒಂದರಿಂದ ಮೂರು ಗಂಟೆ ಬಿಟ್ಟು ನಡುಕ, ಬೆವರು, ಕಣ್ಣು ಮಂಜು, ವಾಕರಿಕೆ ಬಂದರೆ ರಕ್ತದ ಸಕ್ಕರೆ ಇಳಿದಿದೆ ಎಂದರ್ಥ. ಕಾಫಿಗೆ ಸರ್ಜನ್ ಒಪ್ಪಿಗೆ ಕೊಟ್ಟ ಮೇಲೂ ಬೆಲ್ಲ ಬಿಟ್ಟು, ನಡೆದು ಬಂದು ಏನಾದರೂ ತಿಂದ ಬಳಿಕ ಕುಡಿಯಿರಿ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸಕ್ಕೂ ಇದೇ ಮಾತು: ರುಚಿಗೊಂದು ಚಮಚ, ಅದೂ ಊಟದ ಕೊನೆಗೆ, ಆ ದಿನ ಏರು ಹತ್ತದೆ.

ತಿಂದು ಒಂದೂವರೆಯಿಂದ ಎರಡು ಗಂಟೆಯಾದ ಮೇಲೆ ನಡೆಯುವುದು ಸರಿಯಾದ ಹೊತ್ತು. ಹಂದಿ ಕರಿಯಂಥ ಕೊಬ್ಬಿನ, ಖಾರದ, ಕಾಚಂಪುಳಿಯ ಹುಳಿ ಹಾಕಿದ ಊಟವಾದರೆ ಮೂರು ಗಂಟೆ ಬಿಡಿ. ಕೊಬ್ಬು ನಿಧಾನಕ್ಕೆ ಇಳಿಯುತ್ತದೆ, ಹುಳಿ ಎದೆಯುರಿ ಏರಿಸುತ್ತದೆ. ಮೊದಲ ಎರಡು ತಿಂಗಳು ಅದರ ಸುದ್ದಿಯೇ ಬೇಡ. ಕಡಂಬುಟ್ಟು (ಅಕ್ಕಿ ಕಡುಬು), ಅಕ್ಕಿ ರೊಟ್ಟಿ ಸರಿಯಾಗಿ ಅಗಿಯದಿದ್ದರೆ ಉಂಡೆಯಾಗಿ ನಿಂತುಬಿಡುತ್ತವೆ. ನಾರಿರುವ ಕಣಿಲೆಯೂ ಹಾಗೆಯೇ. ಹಾಗೆಂದು ಪೂರ್ತಿ ಖಾಲಿ ಹೊಟ್ಟೆಯಲ್ಲೂ ಹೊರಡಬೇಡಿ. ಹಿಂದಿನ ಊಟವಾಗಿ ನಾಲ್ಕೈದು ಗಂಟೆ ದಾಟಿದ್ದರೆ, ಒಂದು ಗಂಟೆ ಮುಂಚೆ ಪೂರ್ತಿ ಬೇಯಿಸಿದ ಮೊಟ್ಟೆಯ ಅರ್ಧ ಭಾಗ ಅಥವಾ ಮೂರು ಚಮಚ ಮೊಸರು ತಿನ್ನಿ. ದಿನಕ್ಕೆ 60–80 ಗ್ರಾಂ ಪ್ರೋಟೀನ್ ತಲುಪದಿದ್ದರೆ ಸುಸ್ತು ಬಿಡುವುದಿಲ್ಲ; ಪೂರ್ತಿ ಮೊಟ್ಟೆಯೊಂದರಲ್ಲಿ ಸಿಗುವುದು ಸುಮಾರು 6 ಗ್ರಾಂ.

ಮಾತ್ರೆಗಳ ವಿಷಯ ಬಹಳ ಜನ ಯೋಚಿಸುವುದೇ ಇಲ್ಲ. ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ ವಾಕರಿಕೆ ತರುತ್ತದೆ. ಅದನ್ನು ರಾತ್ರಿಗೆ ಬದಲಿಸಬಹುದೇ ಕೇಳಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಕಾಫಿ–ಟೀ ಜೊತೆ ಬೇಡ. ತೂಕ ಇಳಿದಂತೆ ಹಳೆಯ ಬಿಪಿ ಮಾತ್ರೆಯ ಡೋಸ್ ಹೆಚ್ಚಾಗಿ, ಏರು ಹತ್ತಿ ನಿಂತಾಗ ತಲೆಸುತ್ತು, ವಾಕರಿಕೆ ಬರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಇಳಿಯಬಹುದು. ಅದೇ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದರೆ ಇನ್ನೂ ಎಚ್ಚರ: ಕಡಿಮೆ ತಿನ್ನುತ್ತಿರುವ ದಿನಗಳಲ್ಲಿ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ವಾಕರಿಕೆ, ವಾಂತಿ ಆಗಬಹುದು. ಇವುಗಳನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ. ಮೈಕೈ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಬಿಡಲೇಬೇಕು. ಬೈಪಾಸ್ ಆದವರಿಗೆ ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ.

ಎಲ್ಲಿ, ಎಷ್ಟು, ಹೇಗೆ ನಡೆಯಬೇಕು

ನಮ್ಮ ಅನೇಕ ಮನೆಗಳು ದಿಬ್ಬದ ಮೇಲಿವೆ. ಹೊರಡುವಾಗ ಇಳಿಜಾರು, ಉಲ್ಲಾಸದಿಂದ ದೂರ ಹೋಗಿಬಿಡುತ್ತೀರಿ. ದಣಿದು, ನೀರು ಖಾಲಿಯಾಗಿ ಮರಳುವಾಗ ಕಡಿದಾದ ಏರು. ವಾಕರಿಕೆ ಯಾವಾಗಲೂ ನಡಿಗೆಯ ಕೊನೆಯಲ್ಲೇ ಬರುತ್ತಿದ್ದರೆ ಮೊದಲು ಇದನ್ನು ಸರಿಪಡಿಸಿ.

ಮೊದಲ ಆರು ವಾರಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಮತಟ್ಟು, ಮನೆಗೆ ಹತ್ತಿರ, ಕೂಗಿದರೆ ಯಾರಾದರೂ ಬರುತ್ತಾರೆ. ಒಂದು ಮೂಲೆಯಲ್ಲಿ ಕುರ್ಚಿ, ಅದರ ಮೇಲೆ ಫ್ಲಾಸ್ಕ್ ಇಟ್ಟರೆ ಪ್ರತಿ ಸುತ್ತಿಗೂ ಕೂರಲು, ಗುಟುಕರಿಸಲು ಅನುಕೂಲ. ಕೊಯ್ಲಿನ ಕಾಲದಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಆಗ ಮನೆಯ ಜಗಲಿಯೇ ಸರಿ. ಪೇಟೆಯವರಿಗೆ ಶಾಲೆಯ ಮೈದಾನವಿದೆ, ಮಡಿಕೇರಿಯವರಿಗೆ ಜನರಲ್ ತಿಮ್ಮಯ್ಯ ಕ್ರೀಡಾಂಗಣವಿದೆ. ಕುಶಾಲನಗರದ ಕಡೆ ರಸ್ತೆಗಳೇ ಸಾಕಷ್ಟು ಸಮ. ತೋಟದ ದಾರಿಯಲ್ಲಿ ನಸುಕಿಗೆ, ಮುಸ್ಸಂಜೆಗೆ ಒಬ್ಬರೇ ಹೋಗಬೇಡಿ. ಸಿದ್ದಾಪುರ, ವಿರಾಜಪೇಟೆ ಕಡೆ ಆನೆಗಳು ತೋಟದೊಳಗೇ ಇರುತ್ತವೆ. ತಲೆಸುತ್ತು ಬಂದ ಹೊತ್ತಿನಲ್ಲಿ ಓಡಲಾಗದು.

ಮೊದಲೆರಡು ವಾರ ಒಂದೊಂದು ಸಲಕ್ಕೆ 5–10 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಮೂರು, ನಾಲ್ಕನೆಯ ವಾರ 15 ನಿಮಿಷದಂತೆ ಎರಡು ಸಲ. ಆರು ವಾರದ ತಪಾಸಣೆ ಮುಗಿದು ಸರ್ಜನ್ ಒಪ್ಪಿದ ಮೇಲೆ 30 ನಿಮಿಷ, ಆಗ ಏರು ಸೇರಿಸಬಹುದು: ಹೊರಡುವಾಗಲೇ ಏರು, ಬರುವಾಗ ಇಳಿಜಾರು. ಮನೆ ದಿಬ್ಬದಲ್ಲಿದ್ದರೆ ಯಾರಾದರೂ ಜೀಪಿನಲ್ಲಿ ಕೆಳಗೆ ಬಿಟ್ಟು, ಅಲ್ಲಿಂದ ಹತ್ತಿ ಬರುವುದು ಒಳ್ಳೆಯ ಉಪಾಯ. ವೇಗದ ಅಳತೆ ಮಾತು. ಪೂರ್ತಿ ವಾಕ್ಯ ಹೇಳಲು ಬಂದರೆ ಸರಿ. ಎರಡು ಪದಕ್ಕೆ ಉಸಿರು ನಿಂತರೆ ಹೆಜ್ಜೆ ಚಿಕ್ಕದು ಮಾಡಿ.

ಶುರುವಿನ ಐದು ನಿಮಿಷ, ಕೊನೆಯ ಐದು ನಿಮಿಷ ನಿಧಾನ ನಡಿಗೆ. ಏರು ಮುಗಿದೊಡನೆ ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಇಳಿಯುತ್ತದೆ. ನಡೆಯುವಾಗ ಏನೂ ಇಲ್ಲದೆ, ನಿಂತ ಮೇಲೆ ವಾಕರಿಕೆ ಬರುವವರ ತೊಂದರೆ ಸಾಮಾನ್ಯವಾಗಿ ಇದೇ.

ಸೂರ್ಯ ನಮಸ್ಕಾರ, ನೆಲಕ್ಕೆ ಬಗ್ಗುವ ಆಸನಗಳು, ಹೊಟ್ಟೆಯ ವ್ಯಾಯಾಮ ಮೂರು ತಿಂಗಳು ಬೇಡ. ಜಿಗಣೆ ಕಿತ್ತುಹಾಕಲು ಕೂಡ ಸೊಂಟ ಬಗ್ಗಿಸದೆ, ಕೂತು ಕಾಲು ಮೇಲೆತ್ತಿಕೊಳ್ಳಿ. ಆರು ವಾರ 5 ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮೊಮ್ಮಗು ಎಲ್ಲವೂ ಇದರೊಳಗೆ ಬಂದವು. ಆಮೇಲೆ ಎತ್ತುವಾಗಲೂ ಉಸಿರು ಬಿಗಿಹಿಡಿಯಬೇಡಿ, ಎತ್ತುತ್ತಾ ಉಸಿರು ಬಿಡಿ. ಹೊಟ್ಟೆಯ ಬೆಲ್ಟ್ ಬಿಗಿಯಾದರೆ ಆಮ್ಲ ಮೇಲೆ ಬರುತ್ತದೆ. ಎರಡು ಬೆರಳು ಒಳಹೋಗುವಷ್ಟು ಸಡಿಲವಿರಲಿ.

ವಾಕರಿಕೆ ಬಂದೇ ಬಿಟ್ಟರೆ

ಒಂದೆರಡು ನಿಮಿಷ ತೀರಾ ನಿಧಾನವಾಗಿ ನಡೆದು, ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂತುಕೊಳ್ಳಿ. ಕಣ್ಣು ಕತ್ತಲಿಡುವಂತಿದ್ದರೆ ನಡೆಯದೆ ಅಲ್ಲೇ ಮಲಗಿ ಕಾಲು ಎತ್ತರಕ್ಕಿಡಿ. ಬೆಲ್ಟ್, ಸೊಂಟದ ಲಾಡಿ ಸಡಿಲಿಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ಬಿಡಿ. ಐದು ನಿಮಿಷ ಕಳೆದ ಮೇಲೆ ಒಂದು ಗುಟುಕು ನೀರು, ಅದು ನಿಂತರೆ ಮತ್ತೊಂದು. ಶುಂಠಿಯ ತೆಳು ಚೂರು ಹಾಕಿ ಕುದಿಸಿದ ನೀರು ಕೆಲವರಿಗೆ ಹಿತ. ಬೆರಳು ಹಾಕಿ ವಾಂತಿ ಮಾಡಿಕೊಳ್ಳಬೇಡಿ, ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ.

ನಡುಕ, ಬೆವರು ಇದ್ದರೆ ಗ್ಲೂಕೋಮೀಟರ್ ಇಟ್ಟು ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಗುಟುಕರಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಏರಿದ ಮೇಲೆ ಮೊಟ್ಟೆಯನ್ನೋ ಮೊಸರನ್ನೋ ತಿನ್ನದಿದ್ದರೆ ಅದು ಮತ್ತೆ ಕುಸಿಯುತ್ತದೆ. ಕಾಲು ಗಂಟೆ ಪೂರ್ತಿ ಆರಾಮವಾದರೆ ಅರ್ಧ ವೇಗದಲ್ಲಿ ಮನೆಯ ಕಡೆ ನಡೆಯಿರಿ. ಅದೇ ದಿನ ಎರಡನೆಯ ಸಲ ಬಂದರೆ ಅಂದಿಗೆ ನಿಲ್ಲಿಸಿ.

ಕಾಯಬಾರದ ಲಕ್ಷಣಗಳು

ಕುಳಿತಿದ್ದರೂ ನಾಡಿ 120 ದಾಟುವುದು, ಜ್ವರ, ಹೊಟ್ಟೆ ಅಥವಾ ಎಡ ಭುಜದ ನೋವು: ಮೊದಲ ವಾರಗಳಲ್ಲಿ ಹೊಲಿಗೆ ಸೋರುವ ಸಾಧ್ಯತೆ. ನಡೆದಾಗ ವಾಕರಿಕೆಯೊಂದಿಗೆ ಎದೆ ಬಿಗಿತ, ದವಡೆ ನೋವು, ಉಸಿರಾಟದ ಕಷ್ಟ: ಹೃದಯ. ಸಕ್ಕರೆ ಕಾಯಿಲೆಯವರಿಗೆ ಎದೆ ನೋವೇ ಇಲ್ಲದೆಯೂ ಹೃದಯಾಘಾತವಾಗಬಹುದು. ಬಲ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಪಿತ್ತಕೋಶದ ಕಲ್ಲಿರಬಹುದು. ತೂಕ ಬೇಗ ಇಳಿದಾಗ ಇದು ಸಾಮಾನ್ಯ. ಬೈಪಾಸ್ ಆಗಿ ವರ್ಷಗಳೇ ಕಳೆದಿದ್ದರೂ ಹೊಟ್ಟೆ ನುಲಿಯುವ ತೀವ್ರ ನೋವು ಬಂದರೆ ಕರುಳು ಸಿಕ್ಕಿಕೊಂಡಿರಬಹುದು. ಮುಟ್ಟು ತಪ್ಪಿದ್ದರೆ ಗರ್ಭಪರೀಕ್ಷೆ ಮಾಡಿಸಿ. ತೂಕ ಇಳಿದ ಮೇಲೆ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಆದರೆ 12ರಿಂದ 18 ತಿಂಗಳು ಕಾಯಲು ವೈದ್ಯರು ಹೇಳಿರುತ್ತಾರೆ.

ಎರಡು ಮೂರು ದಿನ ಬಿಡದೆ ವಾಂತಿಯಾದರೆ ವ್ಯಾಯಾಮದ ಪ್ರಶ್ನೆಯೇ ಇಲ್ಲ, ಆಸ್ಪತ್ರೆಗೆ ಹೋಗಿ. ಮೈಯಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣಗಳು. ತಡವಾದರೆ ಮೆದುಳಿಗೆ ಕಾಯಂ ಹಾನಿ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ., ಮಂಗಳೂರಿಗೆ ಘಾಟಿ ಇಳಿಯಬೇಕು. ಮಳೆಯ ರಾತ್ರಿ ಅಲ್ಲಿಗೆ ಓಡಲು ನೋಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮನೆಯ ಇಬ್ಬರ ಮೊಬೈಲ್‌ನಲ್ಲಾದರೂ ಇರಲಿ. ಯಾವ ಸರ್ಜರಿ, ಯಾವ ದಿನಾಂಕ ಎಂದು ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಿ. ಗ್ಲೂಕೋಸ್ ಡ್ರಿಪ್ ಹಾಕಲು ಹೊರಟರೆ, ಅದಕ್ಕೂ ಮುಂಚೆ ಥಯಾಮಿನ್ ಇಂಜೆಕ್ಷನ್ ಕೊಡುತ್ತೀರಾ ಎಂದು ಕೇಳಿ. ಥಯಾಮಿನ್ ಇಲ್ಲದ ಮೈಗೆ ಬರೀ ಗ್ಲೂಕೋಸ್ ಏರಿಸಿದರೆ ತೊಂದರೆ ಉಲ್ಬಣಿಸುತ್ತದೆ.